ಒಂದು ಮಹಡಿಗಾಗುವಷ್ಟು ಕರೆಂಟು

ತಂಗಿ ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುತ್ತಿದ್ದಳು. ಹೊಲಿಗೆ ಯಂತ್ರದ ಕಾಲುಗಳ ಸುತ್ತ ಒಂದು ಸುತ್ತು, ಮಂಚದ ಅಡಿ, ಆಮೇಲೆ ಬಾಗಿಲ ಸಂದಿ. ಬಿದ್ದಿದ್ದ ಗುಂಡುಸೂಜಿಗಳು ಟಿಕ್ ಟಿಕ್ ಎಂದು ಬಂದು ಅಂಟಿಕೊಳ್ಳುತ್ತಿದ್ದವು. ಅಕ್ಕ ಕಿಟಕಿಯ ಬಳಿ ಕೂತು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಒಂದು ಕಾಲು ಸ್ಟೂಲಿನ ಮೇಲೆ, ಊರುಗೋಲು ಗೋಡೆಗೆ. ಅಯಸ್ಕಾಂತ ಹತ್ತಿರ ಬಂದಾಗ ನೆಲದ ಮೇಲಿದ್ದ ಕಾಲನ್ನು ಎತ್ತಿದಳು, ಅದು ದಾಟಿಹೋದ ಮೇಲೆ ಇಳಿಸಿದಳು. ದಿನಾ ಈ ಹೊತ್ತಿಗೆ ಆ ಮನೆಯಲ್ಲಿ ಮಾತಿಗೇನೂ ಬರವಿರುತ್ತಿರಲಿಲ್ಲ. ಇವತ್ತು ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು.

ಕಾರಣ ಲಿಫ್ಟು.

ಅಕ್ಕನಿಗೆ ಹುಟ್ಟಿನಿಂದಲೇ ಒಂದು ಕಾಲು ಸಣ್ಣದು. ಅದೇನೂ ಅವಳನ್ನು ಹಿಡಿದು ನಿಲ್ಲಿಸಿರಲಿಲ್ಲ. ಐದನೇ ಮಹಡಿಯ ಮನೆಯಿಂದ ಲಿಫ್ಟಿನಲ್ಲಿ ಇಳಿದು, ಅದೇ ಕಟ್ಟಡದ ನೆಲಮಹಡಿಯಲ್ಲಿ ಬೀದಿಗೆ ಮುಖ ಮಾಡಿದ್ದ ತನ್ನ ಹೊಲಿಗೆ ಅಂಗಡಿಯಲ್ಲಿ ಅವಳು ಕೂತಳೆಂದರೆ, ಬೀದಿಯ ಸುದ್ದಿಯೆಲ್ಲ ಅವಳ ಸೂಜಿಯ ಕಣ್ಣಿನಲ್ಲಿ ತೂರಿಯೇ ಮುಂದೆ ಹೋಗಬೇಕಿತ್ತು. ಹೋದ ವರ್ಷ ಒಂದು ಮಧ್ಯಾಹ್ನ ಊಟಕ್ಕೆ ಮೇಲೆ ಬರುತ್ತಿದ್ದಾಗ ಕರೆಂಟು ಹೋಯಿತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತು. ಇಂಥ ಹೊತ್ತಿಗೆಂದೇ ಮೇಲಿನ ಯಂತ್ರದ ಕೋಣೆಯಲ್ಲಿ ಇಟ್ಟಿದ್ದ ಬ್ಯಾಟರಿಗಳು ಸೆಕೆಗೆ ಊದಿಕೊಂಡು ಎಂದೋ ಸತ್ತಿದ್ದವು; ಯಾರೂ ನೋಡಿರಲಿಲ್ಲ. ಒಳಗಿನ ಕರೆಗಂಟೆಗೂ ಅದೇ ಬ್ಯಾಟರಿ. ಫೋನು ಅಂಗಡಿಯ ಮೇಜಿನ ಮೇಲೆ ಉಳಿದಿತ್ತು. ಅಕ್ಕ ಕತ್ತಲಲ್ಲಿ ಊರುಗೋಲಿನಿಂದ ಬಾಗಿಲು ಬಡಿದಳು. ಸಣ್ಣಗೇನೂ ಬಡಿಯಲಿಲ್ಲ, ಇಡೀ ಕಟ್ಟಡಕ್ಕೆ ಕೇಳಿಸಿತು. ಆದರೆ ಆ ಕಟ್ಟಡದಲ್ಲಿ ಯಾವಾಗ ನೋಡಿದರೂ ಯಾರ ಮನೆಯಲ್ಲಾದರೂ ಬಡಗಿ ಕೆಲಸ ನಡೆದೇ ಇರುತ್ತಿತ್ತು. ಎಲ್ಲರೂ ಆ ಬಡಗಿಗೆ ಬೈದುಕೊಂಡು ಮಗ್ಗುಲು ಬದಲಿಸಿ ಮಲಗಿದರು.

ಕರೆಂಟು ಬಂದಾಗ ಸಂಜೆಯಾಗಿತ್ತು. ಅಂದಿನಿಂದ ಅಕ್ಕ ಲಿಫ್ಟಿನ ಹೊಸ್ತಿಲು ತುಳಿದಿರಲಿಲ್ಲ. ಮೆಟ್ಟಿಲು ಅವಳ ಕಾಲಿಗೆ ಆಗದ ಮಾತು. ಹೊತ್ತುಕೊಂಡು ಇಳಿಸುತ್ತೇವೆ ಎಂದವರಿಗೆ, "ನಾನೇನು ಬಟ್ಟೆ ಗಂಟಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದಳು. ಹೊಲಿಗೆ ಯಂತ್ರ ಮೇಲೆ ಬಂತು, ಅಂಗಡಿಯ ಶಟರ್ ಕೆಳಗೆ ಬಿತ್ತು. ಐದನೇ ಮಹಡಿಯವರೆಗೆ ಬಟ್ಟೆ ಹೊತ್ತು ತರುವವರು ದಿನೇ ದಿನೇ ಕಡಿಮೆಯಾದರು.

ತಂಗಿ ಓದಿದ್ದು ಕರೆಂಟು ಕೂಡಿಡುವ ಇಂಥ ವಿದ್ಯೆಯನ್ನೇ. ಹಿಂದಿನ ಓಣಿಯಲ್ಲಿ, ಅಚ್ಚುಕೂಟದ ಬೆನ್ನಿಗೆ ಅಂಟಿಕೊಂಡಿದ್ದ ಸಣ್ಣ ಕಾರ್ಖಾನೆಯಲ್ಲಿ ಅವಳು ಕೆಪಾಸಿಟರುಗಳನ್ನು ರೂಪಿಸುವ ಇಂಜಿನಿಯರು. ಮೊದಲು ಅಲ್ಲಿ ಫ್ಯಾನಿಗೆ ಹಾಕುವ ಕೆಪಾಸಿಟರ್ ಮಾತ್ರ ಮಾಡುತ್ತಿದ್ದರು. ಈಗ ವಿದ್ಯುತ್ತನ್ನು ಕೂಡಿಟ್ಟುಕೊಂಡು ಒಮ್ಮೆಗೇ ಕೊಡಬಲ್ಲ ದೊಡ್ಡ ಜಾತಿಯವು. ಇವು ಬ್ಯಾಟರಿಯ ಹಾಗೆ ಒಳಗೊಳಗೇ ಬೆಂದು ಸವೆಯುವುದಿಲ್ಲ. ತೂತು ತೂತಾದ ಇದ್ದಿಲಿನ ಪುಡಿ, ಅದರಲ್ಲಿ ನೆಂದ ದ್ರಾವಣ. ಕರೆಂಟು ಕೊಟ್ಟಾಗ ದ್ರಾವಣದ ಕಣಗಳು ಹೋಗಿ ಇದ್ದಿಲಿನ ತೂತುಗಳ ಗೋಡೆಗೆ ಅಂಟಿಕೊಳ್ಳುತ್ತವೆ, ಕೇಳಿದಾಗ ಬಿಟ್ಟು ಬರುತ್ತವೆ. ಸಾವಿರಾರು ಸಲ ಅಂಟಿ ಬಿಟ್ಟರೂ ಸುಸ್ತಾಗುವುದಿಲ್ಲ. ಬಹಳ ಹೊತ್ತು ದುಡಿಯುವ ಶಕ್ತಿ ಇಲ್ಲ, ನಿಜ. ಆದರೆ ನಿಂತ ಲಿಫ್ಟಿಗೆ ಬೇಕಾದದ್ದು ಅಷ್ಟೇ: ಬ್ರೇಕು ಬಿಡಿಸಬೇಕು, ಹತ್ತಿರದ ಮಹಡಿಗೆ ಸರಿಯಬೇಕು, ಬಾಗಿಲು ತೆಗೆಯಬೇಕು.

ಒಂದು ಮಹಡಿಗಾಗುವಷ್ಟು ಕರೆಂಟು. ಅದನ್ನು ಮಾಡಿಯೇ ತೀರುತ್ತೇನೆ ಎಂದು ತಂಗಿ ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಮಾಡತೊಡಗಿದ್ದಳು.

ಇವತ್ತು ಅದನ್ನು ಲಿಫ್ಟಿಗೆ ಕೂರಿಸುವ ದಿನ. ನಿನ್ನೆ ಸಂಜೆ, "ನಾಳೆ ನೀನೂ ಒಂದ್ಸಲ ಬಾ ಅಕ್ಕ," ಎಂದು ಅವಳು ಕರೆದದ್ದೇ ತಪ್ಪಾಗಿತ್ತು.

ಅಯಸ್ಕಾಂತಕ್ಕೆ ಅಂಟಿದ ಸೂಜಿಗಳನ್ನು ಬಿಡಿಸಿ ಡಬ್ಬಿಗೆ ಹಾಕಿ, ತಂಗಿ ಚಪ್ಪಲಿ ಮೆಟ್ಟಿಕೊಂಡಳು. ಹಿಂದಿನಿಂದ ಅಕ್ಕನ ದನಿ ಬಂತು.

"ಒಳಗೆ ಯಾರನ್ನ ಕೂರಿಸ್ತೀರ?"

"ನಾನೇ ಇರ್ತೀನಿ."

"ಫೋನು ತಗೊಂಡು ಹೋಗು," ಎಂದು ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

*

ಯಂತ್ರದ ಕೋಣೆ ಐದನೇ ಮಹಡಿಯ ಮೇಲೆ, ತಾರಸಿಯಲ್ಲಿ. ಹಳೆಯ ಬ್ಯಾಟರಿಗಳಿದ್ದ ಗೋಡೆಯ ಗೂಡಿನಲ್ಲಿ ಹೊಸ ಉಕ್ಕಿನ ಡಬ್ಬಿ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತ್ತು. ತಂಗಿಗೆ ಅದನ್ನು ನೋಡಿ ಒಳಗೊಳಗೇ ಸಣ್ಣ ಹೆಮ್ಮೆ. ಗೋಡೆ ಒಡೆಯಲು ಬಿಡುವುದಿಲ್ಲ, ಬೇರೆ ಜಾಗ ಕೊಡುವುದಿಲ್ಲ, ಅದೇ ಗೂಡಿನಲ್ಲಿ ಹಿಡಿಯಬೇಕು ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ಮೊದಲೇ ಹೇಳಿದ್ದರು. ಅದಕ್ಕಾಗಿ ಅವಳು ಎಲ್ಲಕ್ಕಿಂತ ಸಣ್ಣ ತೂತುಗಳ ಇದ್ದಿಲನ್ನು ಆರಿಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ದಪ್ಪಗೆ ಬಳಿಸಿದ್ದಳು. ದಪ್ಪ ಬಳಿದಷ್ಟೂ ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ.

ಬಳಿದವನು ಮಸಿಯಣ್ಣ. ಇದ್ದಿಲಿನ ಪುಡಿಯನ್ನು ಅಂಟಿನೊಂದಿಗೆ ಕಲಸಿ ಹಾಳೆಗೆ ಹಚ್ಚುವುದು ಕಾರ್ಖಾನೆಯಲ್ಲಿ ಅವನ ಕೆಲಸ. ಎಷ್ಟು ತಿಕ್ಕಿದರೂ ಉಗುರಿನ ಸಂದಿ ಬೆಳ್ಳಗಾಗದೆ ಅವನಿಗೆ ಆ ಹೆಸರು ನಿಂತುಬಿಟ್ಟಿತ್ತು.

"ನನ್ನ ಮದುವೆ ಫೋಟೋದಲ್ಲೂ ಕೈ ಹಿಂದೆ ಕಟ್ಕೊಂಡಿದೀನಿ ಮೇಡಮ್ಮ," ಎಂದು ವೈರಿನ ತುದಿ ಬಿಗಿಯುತ್ತ ಅವನು ಹೇಳುತ್ತಿದ್ದ. "ನೋಡಿದವರೆಲ್ಲ, ಗಂಡು ಎಷ್ಟು ವಿನಯವಂತ ಅಂದ್ರು."

ಲಿಫ್ಟಿನ ಮೇಸ್ತ್ರಿ ನಗಲಿಲ್ಲ. ಅವನು ಎಲ್ಲದಕ್ಕೂ ತಡವಾಗಿ ನಗುವವನು.

ಬೆಳಗಿನಿಂದ ಕರೆಂಟು ತೆಗೆದೇ ಕೆಲಸ ಮಾಡಿದ್ದರಿಂದ ಆರೂ ಮಹಡಿಯವರ ತಾಳ್ಮೆ ತೀರಿತ್ತು. ಅಧ್ಯಕ್ಷರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರು.

"ಆಯ್ತೇನಮ್ಮ? ಕೆಳಗೆ ಜನ ನನ್ನ ತಲೆ ತಿಂತಿದಾರೆ."

ಮೇಸ್ತ್ರಿ ಮುಖ್ಯ ಸ್ವಿಚ್ಚು ಹಾಕಿದ. ಡಬ್ಬಿಯ ಮೇಲಿನ ಕೆಂಪು ದೀಪ ಹತ್ತಿತು. ಕೆಪಾಸಿಟರಿನ ಗುಣವೇ ಬೇಗ ತುಂಬುವುದು. ಅಧ್ಯಕ್ಷರು ಕರವಸ್ತ್ರ ಮಡಚಿ ಜೇಬಿಗಿಡುವಷ್ಟರಲ್ಲಿ ಕೆಂಪು ಹೋಗಿ ಹಸಿರು ಬಂತು.

"ಹಸಿರಾಯ್ತಲ್ಲ! ಇನ್ನೇನು ಮುಹೂರ್ತ ನೋಡ್ತೀರ? ನಡೀರಿ ನಡೀರಿ."

ತಂಗಿ ಐದನೇ ಮಹಡಿಗಿಳಿದು ಲಿಫ್ಟು ಹತ್ತಿದಳು. ಬಾಗಿಲು ಮುಚ್ಚುವಾಗ ತಮ್ಮ ಮನೆಯ ಬಾಗಿಲು ಒಂದಿಷ್ಟು ತೆರೆದದ್ದು, ಅದರ ಸಂದಿಯಲ್ಲಿ ಊರುಗೋಲಿನ ತುದಿ, ಎರಡನ್ನೂ ಕಂಡಳು. ಲಿಫ್ಟು ಇಳಿಯಿತು. ನಡುವೆ ಎಲ್ಲೋ ಮೇಸ್ತ್ರಿ ಕರೆಂಟು ತೆಗೆದ. ಕತ್ತಲು.

ಕರೆಂಟು ಮರಳಿ ಬರುತ್ತದೋ ಏನೋ ಎಂದು ಲಿಫ್ಟು ಸ್ವಲ್ಪ ಹೊತ್ತು ಕಾಯುವ ಹಾಗೆ ಅವಳೇ ಮಾಡಿದ್ದಳು. ಕಾದಳು. ಮೇಲೆಲ್ಲೋ ಬ್ರೇಕು ಬಿಡಿಸಿಕೊಳ್ಳಲು ಹೆಣಗುವ ಸದ್ದು ಬಂತು, ಹಳೆಯ ಕಪಾಟಿನ ಬಾಗಿಲು ಎಳೆದ ಹಾಗೆ. ಬಿಟ್ಟಿತು ಎನ್ನುವಷ್ಟರಲ್ಲಿ ಕಚ್ಚಿಕೊಂಡಿತು. ಮತ್ತೊಮ್ಮೆ ಹೆಣಗಿತು. ಆಮೇಲೆ ಏನೂ ಇಲ್ಲ.

ಒಳಗಿನ ಸೆಕೆ, ತನ್ನದೇ ಉಸಿರಿನ ಸದ್ದು, ಎಲ್ಲಿ ಗೋಡೆ ಎಲ್ಲಿ ಬಾಗಿಲು ಎಂದು ತಿಳಿಯದ ಹಾಗೆ ಕಪ್ಪು. ಅಕ್ಕ ಇದರಲ್ಲಿ ಒಂದು ಮಧ್ಯಾಹ್ನವಿಡೀ ಇದ್ದಳು. ತಂಗಿ ಫೋನು ಕೈಯಲ್ಲಿದ್ದರೂ ಅದರ ಬೆಳಕು ಹಾಕಲಿಲ್ಲ. ಒಂದು ಸಲ, ಒಂದೇ ಸಲ, ಅಂಗೈಯಿಂದ ಬಾಗಿಲು ಬಡಿದು ನೋಡಿದಳು.

ಮೇಸ್ತ್ರಿ ಚಕ್ರ ತಿರುಗಿಸಿ ಲಿಫ್ಟನ್ನು ಕೈಯಿಂದಲೇ ಮೇಲೆ ತಂದ. ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರಿಗೆ ಅಕ್ಕ ನಿಂತಿದ್ದಳು.

"ಬಡಿದವಳು ನೀನೇನಾ?" ಎಂದಳು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಧ್ಯಕ್ಷರು ಕೆಟ್ಟವರಲ್ಲ. ಮೆಟ್ಟಿಲಲ್ಲಿ ನಿಂತು ತಗ್ಗಿದ ದನಿಯಲ್ಲೇ ಹೇಳಿದರು. "ನೋಡಮ್ಮ, ಪ್ರಯತ್ನಪಟ್ಟೆ, ಬೇಜಾರು ಮಾಡ್ಕೋಬೇಡ. ಮುಂದಿನ ಸಭೆಗೆ ಹಳೇ ಥರದ ಬ್ಯಾಟರಿನೇ ಹಾಕ್ಸೋಣ ಅಂತೀನಿ."

"ಮತ್ತೆ ಊದಿಕೊಳ್ಳುತ್ತೆ ಸಾರ್."

"ಊದ್ಕೊಂಡ್ರೆ ಬದಲಾಯಿಸೋಣ."

"ಹೋದ ಸಲ ಯಾರೂ ನೋಡ್ಲಿಲ್ಲ."

ತಂಗಿ ತಲೆ ಎತ್ತದೆಯೇ, "ಸಭೆವರೆಗೆ ಟೈಮ್ ಕೊಡಿ," ಎಂದಳು.

*

ಡಬ್ಬಿ ಕಾರ್ಖಾನೆಗೆ ವಾಪಸು ಬಂತು. ಅಲ್ಲಿ ಪರೀಕ್ಷೆಯ ಮೇಜಿನ ಮೇಲೆ ಗುಜರಿಯಿಂದ ತಂದ ಒಂದು ಲಿಫ್ಟಿನ ಬ್ರೇಕು ಇತ್ತು. ಡಬ್ಬಿಯನ್ನು ಅದಕ್ಕೆ ಜೋಡಿಸಿ ಸ್ವಿಚ್ಚು ಒತ್ತಿದರೆ, ಬ್ರೇಕು ಟಕ್ಕೆಂದು ಬಿಟ್ಟಿತು. ಒಂದು ಸಲವಲ್ಲ, ಮಾಡಿದಷ್ಟು ಸಲವೂ.

"ಮನೇಲಿ ಹುಲಿ, ಬೀದೀಲಿ ಇಲಿ ಆಯ್ತಲ್ಲ ಇದರ ಕತೆ," ಎಂದ ಮಸಿಯಣ್ಣ.

ತಂಗಿ ಹಲ್ಲು ಕಚ್ಚಿ ಕೂತಳು. ಮೊದಲು ಅನುಮಾನ ತೇವದ ಮೇಲೆ. ಹಾಳೆಗಳು ಸರಿಯಾಗಿ ಒಣಗಿರದಿದ್ದರೆ ಒಳಗೆ ಗಾಳಿ ಹುಟ್ಟಿ ಡಬ್ಬಿ ಕೆಡುತ್ತದೆ. ಕೈಗವಸು ಅಂಟಿಸಿದ ಗಾಜಿನ ಪೆಟ್ಟಿಗೆಯಲ್ಲಿ ಡಬ್ಬಿಯೊಳಗಿನ ಒಂದು ಕೋಶವನ್ನು ಕತ್ತರಿಸಿ, ಸುರುಳಿ ಬಿಚ್ಚಿ ನೋಡಿದಳು. ಕಪ್ಪು ಹಾಳೆ, ಬಿಳಿ ಕಾಗದ, ಕಪ್ಪು ಹಾಳೆ. ಎಲ್ಲೂ ಗುಳ್ಳೆಯಿಲ್ಲ, ಎಲ್ಲೂ ಬಿರುಕಿಲ್ಲ. ಆಮೇಲೆ ಅನುಮಾನ ಸಾಲಿನ ಮೇಲೆ. ಸಾಲಾಗಿ ಜೋಡಿಸಿದ ಕೋಶಗಳಲ್ಲಿ ಒಂದು ಸೋಮಾರಿಯಾದರೂ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಒಂದೊಂದನ್ನೂ ಬೇರೆ ಬೇರೆ ಅಳೆದಳು. ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಲಿಫ್ಟಿನ ಬ್ರೇಕೇ ಬಿಗಿಯೇನೋ ಎಂದು ಮೇಸ್ತ್ರಿಯ ಹತ್ತಿರ ಎರಡು ಸಲ ಹೋಗಿ ಬಂದಳು. ಎರಡನೇ ಸಲ ಅವನು, "ನನ್ನ ಬ್ರೇಕಿಗೆ ಏನೂ ಆಗಿಲ್ಲಮ್ಮ, ನಿಮ್ಮ ಡಬ್ಬಿಗೆ ದೃಷ್ಟಿ ಆಗಿರ್ಬೇಕು," ಎಂದ. ಆಮೇಲೆ ತಡವಾಗಿ ನಕ್ಕ.

ಕಾರ್ಖಾನೆಯ ಯಜಮಾನರು ಬಂದು ಮೇಜಿನ ಆಚೆ ನಿಂತು ನೋಡಿದರು. ಬಿಳಿ ಮೀಸೆಯ, ಫ್ಯಾನಿನ ಕೆಪಾಸಿಟರಿನಲ್ಲೇ ತಲೆ ನೆರೆಸಿಕೊಂಡ ಮನುಷ್ಯ. "ಸಾಕು ಬಿಡಮ್ಮ, ಒಂದು ಕೆಲಸ ಹೋದ್ರೆ ಹೋಯ್ತು," ಎಂದರು.

"ಇನ್ನೊಂದು ಸಲ ನೋಡ್ತೀನಿ."

"ಇದನ್ನೇ ನೀನು ಮೊನ್ನೆನೂ ಹೇಳಿದ್ದೆ."

"ಹೌದು," ಎಂದಳು ತಂಗಿ.

ಮನೆಯಲ್ಲಿ ಅಕ್ಕ ಲಿಫ್ಟಿನ ಸುದ್ದಿ ಎತ್ತಲಿಲ್ಲ. ಆದರೆ ಒಂದು ಬೆಳಿಗ್ಗೆ ಅಯಸ್ಕಾಂತ ಎಳೆಯುವಾಗ ತಂಗಿ ನೋಡಿದಳು: ಅಂಗಡಿಯ ಬೀಗದ ಕೈ ಗೋಡೆಯ ಮೊಳೆಯಲ್ಲಿರಲಿಲ್ಲ. ಕೇಳಲಿಲ್ಲ. ಅಕ್ಕ ಅದನ್ನು ಎಸೆದಳೋ, ಯಾರಿಗಾದರೂ ಕೊಟ್ಟಳೋ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ಮಾತನ್ನು ಎದುರು ಮನೆಯಾಕೆ ಎತ್ತಿದ್ದು ಅವಳ ಕಿವಿಗೆ ಬಿದ್ದಿತ್ತು.

ಎಲ್ಲ ತಿಳಿದದ್ದು ಮಸಿಯಣ್ಣನ ದವಡೆ ಹಲ್ಲಿನಿಂದ.

ಅವತ್ತು ಅವನ ಕೆನ್ನೆ ಊದಿಕೊಂಡಿತ್ತು. ತಂಗಿ ಎಂದಿನಂತೆ ಡಬ್ಬಿಯನ್ನು ಚಾರ್ಜಿಗೆ ಹಾಕಿ, "ನಡಿ ಮಸಿಯಣ್ಣ, ಊಟ ಮಾಡ್ಕೊಂಡು ಬರೋಣ," ಎಂದಳು. ಅಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ಫ್ಯಾನಿನ ಕಾಲದಿಂದಲೂ ಮೇಜಿನ ಮೇಲಿನದ್ದನ್ನು ಚಾರ್ಜಿಗೆ ಹಾಕುವುದು, ಊಟಕ್ಕೆ ಹೋಗುವುದು, ಬಂದು ಪರೀಕ್ಷೆ ಮಾಡುವುದು. ಹೊಟ್ಟೆಯೂ ತುಂಬಿತು, ಡಬ್ಬಿಯೂ ತುಂಬಿತು ಎಂದು ಯಜಮಾನರು ನಗುತ್ತಿದ್ದರು.

"ಊಟದ ಹೆಸರು ಎತ್ಬೇಡಿ," ಎಂದ ಮಸಿಯಣ್ಣ ಕೆನ್ನೆ ಹಿಡಿದುಕೊಂಡು. "ಬೇಗ ಮುಗಿಸಿದ್ರೆ ನಾನು ಹಲ್ಲಿನ ಡಾಕ್ಟ್ರ ಹತ್ರ ಓಡ್ತೀನಿ. ಹಸಿರು ಬಂತಲ್ಲ, ಒತ್ಲಾ?"

"ಒತ್ತು."

ಚಾರ್ಜರು ಬಿಡಿಸಿ, ಲಿಫ್ಟು ಕಾಯುವಷ್ಟೇ ಹೊತ್ತು ಕಾದು, ಅವನು ಸ್ವಿಚ್ಚು ಒತ್ತಿದ. ಮೇಜಿನ ಮೇಲಿನ ಬ್ರೇಕು ಹೆಣಗಿತು. ಹಳೆಯ ಕಪಾಟಿನ ಬಾಗಿಲು ಎಳೆದ ಹಾಗೆ.

ತಂಗಿ ಥಟ್ಟನೆ ತಿರುಗಿದಳು. ಆ ಸದ್ದನ್ನು ಅವಳು ಕತ್ತಲಲ್ಲಿ ನಿಂತು ಕೇಳಿದವಳು.

"ಇನ್ನೊಂದ್ಸಲ ಖಾಲಿ ಮಾಡು," ಎಂದಳು. "ಇನ್ನೊಂದ್ಸಲ ತುಂಬು. ಹಸಿರು ಬಂದ ಕೂಡಲೇ ಚಾರ್ಜರ್ ತೆಗಿ. ಏನೂ ಮುಟ್ಟಬೇಡ."

ಇಬ್ಬರೂ ಮೀಟರಿನ ಮುಂದೆ ಬಗ್ಗಿದರು. ಡಬ್ಬಿಯಿಂದ ಯಾರೂ ಏನೂ ತೆಗೆಯುತ್ತಿರಲಿಲ್ಲ. ಆದರೂ ಮುಳ್ಳು ಇಳಿಯುತ್ತಿತ್ತು, ಮೆಲ್ಲಗೆ, ನಾಚಿಕೆಯಿಂದ ತಲೆ ತಗ್ಗಿಸಿದ ಹಾಗೆ.

"ಸೋರ್ತಿದೆಯಾ?" ಎಂದ ಮಸಿಯಣ್ಣ ಹಲ್ಲು ನೋವು ಮರೆತು.

"ಸೋರ್ತಿಲ್ಲ. ಒಳಗೆ ಹೋಗ್ತಿದೆ."

ಹೊರಗಿನ ತೂತುಗಳು ಬೇಗ ತುಂಬಿಬಿಡುತ್ತವೆ. ಮೀಟರು ನೋಡುವುದು ಅವನ್ನು ಮಾತ್ರ. ತುಂಬಿತು ಎಂದು ಹಸಿರು ದೀಪ ಹಾಕುತ್ತದೆ. ಆದರೆ ದಪ್ಪ ಬಳಿದ ಇದ್ದಿಲಿನ ಆಳದ ತೂತುಗಳು ಇನ್ನೂ ಖಾಲಿ. ಚಾರ್ಜರು ತೆಗೆದ ಮೇಲೆ ಹೊರಗಿನದು ಮೆಲ್ಲಗೆ ಒಳಕ್ಕೆ ಸರಿದು ಹಂಚಿಕೊಳ್ಳುತ್ತದೆ, ಬ್ರೇಕು ಬಿಡಿಸುವ ಹೊತ್ತಿಗೆ ಹೊರಗೆ ಬಲವೇ ಉಳಿದಿರುವುದಿಲ್ಲ. ಕಾರ್ಖಾನೆಯಲ್ಲಿ ಅವರು ಊಟ ಮಾಡಿ ಬರುವಷ್ಟು ಹೊತ್ತು ಚಾರ್ಜಿನಲ್ಲೇ ಇರುತ್ತಿದ್ದರಿಂದ ಆಳವೂ ತುಂಬಿರುತ್ತಿತ್ತು. ಇಷ್ಟು ದಿನ ಅವರು ಪರೀಕ್ಷೆ ಮಾಡಿದ್ದು ಉಂಡು ಮಲಗಿ ಎದ್ದ ಕೆಪಾಸಿಟರನ್ನು. ಲಿಫ್ಟಿನಲ್ಲಿ ಕೂತದ್ದು ಹಸಿದದ್ದು.

"ಅಂದ್ರೆ ತಪ್ಪು ಊಟದ್ದು," ಎಂದ ಮಸಿಯಣ್ಣ.

"ಊಟದ್ದಲ್ಲ. ದಪ್ಪ ಬಳಿಸಿದ್ದು ನಾನು." ತಂಗಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನೀನು ಹಲ್ಲಿನ ಡಾಕ್ಟ್ರ ಹತ್ರ ಹೋಗು. ನಾಳೆಯಿಂದ ತೆಳ್ಳಗೆ ಬಳಿಯೋದಿದೆ."

*

ತೆಳ್ಳಗೆ ಬಳಿದರೆ ಹಾಳೆಗಳು ಹೆಚ್ಚು ಬೇಕು. ಹಾಳೆಗಳು ಹೆಚ್ಚಾದರೆ ಡಬ್ಬಿ ದೊಡ್ಡದಾಗುತ್ತದೆ. ದೊಡ್ಡ ಡಬ್ಬಿ ಗೂಡಿನಲ್ಲಿ ಹಿಡಿಯುವುದಿಲ್ಲ. ಯಜಮಾನರು ಮೀಸೆ ಸವರಿಕೊಂಡು, "ಜಾಗ ಎಲ್ಲಿದೆ? ಅಧ್ಯಕ್ಷರ ತಲೆ ಮೇಲೆ ಇಡ್ತೀಯ?" ಎಂದರು. ಆದರೆ ಬೇಡ ಎನ್ನಲಿಲ್ಲ. ತಂಗಿ ಆಳಕ್ಕೆ ದಾರಿ ಸಲೀಸಾಗಿರಲಿ ಎಂದು ತುಸು ಅಗಲ ತೂತುಗಳ ಇದ್ದಿಲನ್ನು ಆರಿಸಿದಳು. ಮಸಿಯಣ್ಣ ಒಂದು ಕೆನ್ನೆಗೆ ಹತ್ತಿ ಇಟ್ಟುಕೊಂಡೇ ಬಳಿದ, ಗೋಡೆಗೆ ಸುಣ್ಣದ ಕೊನೆಯ ಕೋಟು ಎಳೆದ ಹಾಗೆ ತೆಳ್ಳಗೆ. ಹಾಳೆಗಳು ಒಣಗುವ ಕೋಣೆಗೆ ಹೋದವು, ಬಂದವು, ಸುರುಳಿಯಾದವು.

ಈ ಸಲ ಅವರು ಊಟಕ್ಕೆ ಮುಂಚೆಯೇ ಪರೀಕ್ಷೆ ಮಾಡಿದರು. ಹಸಿರು ಬಂದ ಕೂಡಲೇ ಚಾರ್ಜರು ತೆಗೆದು, ಕಾದು, ಒತ್ತಿದರು. ಟಕ್. ಮೀಟರಿನ ಮುಳ್ಳು ಈಗಲೂ ಒಂಚೂರು ಇಳಿಯುತ್ತಿತ್ತು, ಅದು ಈ ಜಾತಿಯ ಹುಟ್ಟುಗುಣ. ಅದಕ್ಕೆ ತಂಗಿ ದೀಪವನ್ನೇ ಬದಲಿಸಿದಳು: ತುಂಬಿದ ಕೂಡಲೇ ಹಸಿರಾಗುವಂತಿಲ್ಲ, ಚಾರ್ಜು ತಡೆದು, ಮುಳ್ಳು ನಿಂತಿದೆಯೋ ಜಾರುತ್ತಿದೆಯೋ ನೋಡಿ, ಜಾರಿದರೆ ಮತ್ತೆ ತುಂಬಿ, ನಿಂತ ಮೇಲೆ ಹಸಿರಾಗಬೇಕು. ಅಲ್ಲಿಯವರೆಗೆ ಲಿಫ್ಟು ಬಾಗಿಲು ತೆರೆದುಕೊಂಡು ನಿಂತಿರಬೇಕು, ಯಾರನ್ನೂ ಹೊತ್ತು ಹೊರಡಬಾರದು.

ಸಂಘದ ಸಭೆಯಲ್ಲಿ ಅಧ್ಯಕ್ಷರಿಗೆ ಇದೇ ಗಂಟಲಲ್ಲಿ ಸಿಕ್ಕಿಕೊಂಡಿತು.

"ಕರೆಂಟು ಬಂದ್ರೂ ಲಿಫ್ಟು ಕಾಯಬೇಕಾ? ಜನ ಸುಮ್ನಿರ್ತಾರೇನಮ್ಮ?"

ಕೋಣೆ ತುಂಬ ಜನ ಕೂತಿದ್ದರು. ತಂಗಿಗೆ ಇಷ್ಟು ಮುಖಗಳ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಬಾಗಿಲ ಬಳಿ ನಿಂತಿದ್ದ ಮಸಿಯಣ್ಣ ಕಣ್ಣಲ್ಲೇ, ಹೇಳಿ, ಎಂದ.

"ನೀವು ಬಾಗಿಲು ತೆರೆದ ಲಿಫ್ಟಿನ ಮುಂದೆ ಕಾಯ್ತೀರ ಸಾರ್," ಎಂದಳು. "ನಮ್ಮಕ್ಕ ಬಾಗಿಲು ಮುಚ್ಚಿದ ಲಿಫ್ಟಿನ ಒಳಗೆ ಕಾದಳು. ಅವತ್ತು ಎಲ್ಲರಿಗೂ ಸದ್ದು ಕೇಳಿಸಿತ್ತು."

ಯಾರೋ ಕುರ್ಚಿ ಸರಿಸಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಸರಿ. ಆದ್ರೆ ಅಷ್ಟು ದೊಡ್ಡ ಡಬ್ಬಿಗೆ ಯಂತ್ರದ ಕೋಣೇಲಿ ಜಾಗ ಎಲ್ಲಿ?"

"ನಿಮ್ಮ ಹಳೇ ಸೋಫಾ ತೆಗೆದ್ರೆ ಇದೆ ಸಾರ್."

ಅಧ್ಯಕ್ಷರ ಮನೆಗೆ ಹೊಸ ಸೋಫಾ ಬಂದಾಗ ಹಳೆಯದು ಮೆಲ್ಲಗೆ ಯಂತ್ರದ ಕೋಣೆ ಸೇರಿ ಗೋಡೆಗೆ ಒರಗಿ ನಿಂತದ್ದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿನ ನೆಪದಲ್ಲಿ ನಕ್ಕರು. ಆಮೇಲೆ, ತಡವಾಗಿ, ಮೇಸ್ತ್ರಿ ನಕ್ಕ. ಅವನು ಶುರು ಮಾಡಿದ ಮೇಲೆ ಅಧ್ಯಕ್ಷರೂ ನಗದೆ ವಿಧಿಯಿರಲಿಲ್ಲ.

ಅವತ್ತು ಮನೆಗೆ ಬಂದು ತಂಗಿ ಅಕ್ಕನ ಎದುರು ಕೂತು ಎಲ್ಲ ಹೇಳಿದಳು. ಆಳದ ತೂತುಗಳು ಖಾಲಿ ಉಳಿದದ್ದು, ಮುಳ್ಳು ಜಾರಿದ್ದು. ಅಕ್ಕ ಬಕೀಟಿನಲ್ಲಿ ಹೊಸ ಬಟ್ಟೆಯ ಮಡಿಕೆಯನ್ನು ನೀರಿಗೆ ಅದುಮುತ್ತಿದ್ದಳು, ಕತ್ತರಿಸುವ ಮುಂಚೆ ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಲಿ ಎಂದು.

"ಹೀಗೇ ಅಂತಿಟ್ಕೋ," ಎಂದಳು ತಂಗಿ ಬಕೀಟು ತೋರಿಸಿ. "ಅದ್ದಿದ ಕೂಡಲೇ ತೆಗೆದ್ರೆ ಮೇಲಿನ ಮಡಿಕೆ ಒದ್ದೆ, ಒಳಗೆ ಒಣ. ನಾನು ಮೇಲಿನ ಮಡಿಕೆ ಮುಟ್ಟಿ ನೋಡಿ ಆಯ್ತು ಅಂದ್ಬಿಟ್ಟಿದ್ದೆ."

"ನೀನು ಹೊಲಿಗೆ ಕಲಿಯೋಕೆ ಬಂದಿದ್ದಾಗ್ಲೂ ಇದನ್ನೇ ಮಾಡಿದ್ದೆ," ಎಂದಳು ಅಕ್ಕ. "ನನ್ನ ನೀಲಿ ರವಿಕೆ ಒಂದು ಒಗೆತಕ್ಕೆ ಗೊಂಬೆ ಅಂಗಿ ಆಗಿತ್ತು."

ಎಷ್ಟೋ ದಿನಗಳ ಮೇಲೆ ಬಂದ ತಮಾಷೆ. ತಂಗಿ ನಗಲು ಹೋದಳು, ಆದರೆ ಅಕ್ಕನ ಮುಖ ನೋಡಿ ಬಿಟ್ಟಳು.

"ಲಿಫ್ಟು ನಡುವೆ ನಿಂತರೆ ಯಾವ ಕಡೆ ಹೋಗುತ್ತೆ ಅದು?" ಎಂದು ಅಕ್ಕ ಕೇಳಿದಳು.

"ಒಳಗೆ ಒಬ್ಬರೇ ಇದ್ರೆ ಮೇಲಕ್ಕೆ. ಹಗ್ಗದ ಆ ಕಡೆ ತೂಗುವ ಕಬ್ಬಿಣದ ಭಾರ ಜಾಸ್ತಿ, ಅದೇ ಎಳೆದುಕೊಳ್ಳುತ್ತೆ. ಹತ್ತಿರದ ಮಹಡಿಗೆ."

"ಕೆಳಗೆ ಹೋಗ್ಬೇಕು ಅಂದವಳನ್ನ ಮೇಲಕ್ಕೆ ಕರ್ಕೊಂಡು ಹೋಗುತ್ತೆ," ಎಂದಳು ಅಕ್ಕ. "ನಿನ್ನ ಹಾಗೇ ಇದೆ." ಬಟ್ಟೆಯನ್ನು ಇನ್ನೊಮ್ಮೆ ಅದುಮಿ ಅದರ ಮೇಲೊಂದು ಕಲ್ಲು ಇಟ್ಟಳು.

*

ಸೋಫಾ ಇಳಿಯಿತು, ಡಬ್ಬಿ ಏರಿತು. ಮತ್ತೆ ಬೆಳಗಿನಿಂದ ಕರೆಂಟು ತೆಗೆದಿಟ್ಟರು. ಈ ಸಲ ಬೇಕೆಂದೇ, ಡಬ್ಬಿ ಪೂರಾ ಖಾಲಿಯಾಗಿರಲಿ ಎಂದು. ಮೇಸ್ತ್ರಿ ಸ್ವಿಚ್ಚು ಹಾಕಿದ. ಕೆಂಪು ಬಂತು. ಅಧ್ಯಕ್ಷರು ಕರವಸ್ತ್ರ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಯಾರೂ ಆತುರಪಡಿಸಲಿಲ್ಲ. ಹಸಿರು ಬಂತು, ನಿಂತಿತು.

ತಂಗಿ ಲಿಫ್ಟು ಹತ್ತಿದಳು. ಕತ್ತಲಾಯಿತು. ಕಾದಳು. ಟಕ್ ಎಂದ ಸದ್ದಿನೊಂದಿಗೆ ಕಾಲಡಿಯ ನೆಲ ಮೆಲ್ಲಗೆ ಮೇಲಕ್ಕೆ ಸರಿಯಿತು, ಯಾರೋ ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ. ಬಾಗಿಲು ತೆರೆಯಿತು. ಎದುರಿಗೆ ನಾಲ್ಕನೇ ಮಹಡಿಯ ಗೋಡೆ, ಯಾರದೋ ಒಣಹಾಕಿದ ಛತ್ರಿ. ಮೇಲಿನಿಂದ ಮಸಿಯಣ್ಣ ಶಿಳ್ಳೆ ಹೊಡೆದ.

ಅವಳು ಮೆಟ್ಟಿಲು ಹತ್ತಿ ಐದನೇ ಮಹಡಿಗೆ ಬಂದಾಗ ಅಧ್ಯಕ್ಷರು, ಮೇಸ್ತ್ರಿ, ಮಸಿಯಣ್ಣ, ಎದುರು ಮನೆಯಾಕೆ ಎಲ್ಲ ಲಿಫ್ಟಿನ ಮುಂದೆ ಸೇರಿದ್ದರು. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಅಕ್ಕ ಊರುಗೋಲೂರಿಕೊಂಡು ಮನೆಯ ಹೊಸ್ತಿಲ ಹೊರಗೆ ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು.

"ನಾನೂ ಬರ್ತೀನಿ ಜೊತೆಗೆ," ಎಂದಳು ತಂಗಿ.

"ಬೇಡ. ಅವತ್ತು ನನ್ನ ಜೊತೆ ಯಾರಿದ್ರು?" ಅಕ್ಕ ಮೇಸ್ತ್ರಿಯ ಕಡೆ ತಿರುಗಿದಳು. "ಅಣ್ಣ, ನಾನು ಒಳಗಿರುವಾಗ ಕರೆಂಟು ತೆಗೀಬೇಕು. ಯಾವಾಗ ಅಂತ ಹೇಳ್ಬಾರದು."

"ಬೇಡಮ್ಮ, ಸುಮ್ನೆ ಯಾಕೆ..." ಎಂದರು ಅಧ್ಯಕ್ಷರು.

"ತೆಗೀಬೇಕು. ಇಲ್ದಿದ್ರೆ ನಾನು ದಿನಾ ಅದನ್ನೇ ಕಾಯ್ತಿರ್ತೀನಿ."

ಮೇಸ್ತ್ರಿ ತಂಗಿಯ ಮುಖ ನೋಡಿದ. ತಂಗಿಗೆ ಬೇಡ ಎನ್ನಬೇಕೆನಿಸಿತು. ಡಬ್ಬಿಯಲ್ಲಿರುವ ಒಂದೊಂದು ಸುರುಳಿಯೂ, ಅದನ್ನು ಕಟ್ಟಿದ ಕೈಗಳೂ ಕಣ್ಣ ಮುಂದೆ ಬಂದವು. ಆದರೂ ಆಗಲಿ ಎಂದು ತಲೆಯಾಡಿಸಿದಳು. ಮೇಸ್ತ್ರಿ ತಾರಸಿಗೆ ಹತ್ತಿಹೋದ.

ಕರೆಂಟು ಹಾಕಿ ಅವನು ಖಾಲಿ ಲಿಫ್ಟನ್ನು ಐದಕ್ಕೆ ತಂದ; ಹಸಿರು ಬರುವ ತನಕ ಅದು ಬಾಗಿಲು ತೆರೆದುಕೊಂಡು ನಿಂತಿತ್ತು. ಅಕ್ಕ ಊರುಗೋಲನ್ನು ಮೊದಲು ಒಳಗಿಟ್ಟಳು, ಆಮೇಲೆ ಸಣ್ಣ ಕಾಲು, ಆಮೇಲೆ ಇನ್ನೊಂದು. ಹಸಿರು ಬಂತು, ಬಾಗಿಲು ಮುಚ್ಚಿತು.

ಬಾಗಿಲ ಮೇಲಿನ ಅಂಕಿ ಐದರಿಂದ ನಾಲ್ಕಾಯಿತು. ಮೂರಾಗುವ ಮುಂಚೆ ಆರಿತು.

ತಂಗಿ ತಣ್ಣನೆಯ ಬಾಗಿಲಿಗೆ ಕಿವಿ ಕೊಟ್ಟು ನಿಂತಳು. ಊರುಗೋಲು ಬಡಿಯುವ ಸದ್ದಿಗಾಗಿ ಕಾಯುತ್ತಿದ್ದಳು. ಬಂದರೆ ಸಾಕು, ಮೆಟ್ಟಿಲಿಳಿದು ಓಡಲು ಒಂದು ಕಾಲು ಆಗಲೇ ತಿರುಗಿತ್ತು. ಬಡಿತ ಬರಲಿಲ್ಲ. ಮೇಲೆ ಟಕ್ ಎಂದಿತು. ಹಗ್ಗಗಳು ಸರಿದವು. ಕೆಳಗೆ ಎಲ್ಲೋ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ಇಳಿದುಬಿಟ್ರು ಅನ್ಸುತ್ತೆ," ಎಂದು ಮಸಿಯಣ್ಣ ಪಿಸುಗುಟ್ಟಿದ. "ಮೆಟ್ಟಿಲಲ್ಲಿ ಕೂತ್ಕೊಂಡಿರ್ಬೇಕು. ಹೋಗಿ ಕರ್ಕೊಂಡು ಬರ್ಲಾ?"

ತಂಗಿ ಬೇಡವೆಂದು ಕೈ ಅಡ್ಡ ಹಿಡಿದಳು. ಮೇಸ್ತ್ರಿ ಕರೆಂಟು ಹಾಕಿದ. ಅಂಕಿ ಹತ್ತಿತು: ನಾಲ್ಕು. ಅಲ್ಲೇ ನಿಂತಿತ್ತು, ಬಾಗಿಲು ತೆರೆದುಕೊಂಡು, ಹಸಿರಿಗಾಗಿ. ಇಳಿಯಬೇಕೆಂದಿದ್ದರೆ ಇಳಿಯಬಹುದಿತ್ತು. ಕೊನೆಗೆ ಬಾಗಿಲು ಮುಚ್ಚಿದ ಸದ್ದು ಬಂತು. ಅಂಕಿ ಮೂರಾಯಿತು. ಎರಡಾಯಿತು. ಒಂದಾಯಿತು. ಆಮೇಲೆ ಸೊನ್ನೆ.

ಐದನೇ ಮಹಡಿಯಲ್ಲಿ ಎಲ್ಲರೂ ಮೆಟ್ಟಿಲ ಕಂಬಿಗೆ ಒರಗಿ ಕೆಳಗೆ ಬಗ್ಗಿದರು. ನಡುವಿನ ಇಕ್ಕಟ್ಟಿನ ಸಂದಿಯಲ್ಲಿ ನೆಲಮಹಡಿಯ ಒಂದು ತುಂಡು ಮಾತ್ರ ಕಾಣುತ್ತಿತ್ತು. ಅಲ್ಲಿ ಊರುಗೋಲಿನ ಟಕ್ ಟಕ್ ದಾಟಿಹೋಯಿತು, ಬೀದಿಯ ಕಡೆಗೆ. ಬೀಗದ ಕೈ ತಿರುಗಿದ ಸದ್ದು. ಅದು ಮೊಳೆಯಿಂದ ಹೋಗಿ ಎಲ್ಲಿ ಸೇರಿತ್ತೆಂದು ತಂಗಿಗೆ ಈಗ ತಿಳಿಯಿತು. ಆಮೇಲೆ ತಗಡಿನ ಕಿರಕಿರ, ಒಂದು ವರ್ಷದ ತುಕ್ಕು, ಅರ್ಧ ಗೇಣು ಎದ್ದು ಮತ್ತೆ ಕೂತ ಶಬ್ದ. ಊರುಗೋಲು ಶಟರನ್ನು ಬಡಿಯಿತು, ಜೋರಾಗಿ. ಇಡೀ ಕಟ್ಟಡಕ್ಕೆ ಕೇಳಿಸುವಷ್ಟು.

ತಂಗಿ ಕಂಬಿ ಹಿಡಿದ ಕೈ ಬಿಡಲಿಲ್ಲ. ಪಕ್ಕದಲ್ಲಿ ಅಧ್ಯಕ್ಷರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದರು. ನೆಲಮಹಡಿಯಿಂದ, ಒಂದು ವರ್ಷದಿಂದ ಅಲ್ಲಿ ಯಾರೂ ಕೇಳಿರದ ದನಿ ಮೆಟ್ಟಿಲ ಸಂದಿಯಲ್ಲಿ ಏರಿ ಬಂತು.

"ಯಾರಾದ್ರೂ ಬಂದು ಈ ಶಟರ್ ಎತ್ತಿಕೊಡಿ."